ಕವಡೆ ಹಾಕುವವರೆಗೆ

ನಮ್ಮೂರಲ್ಲಿ ಎಲ್ಲರ ಮೈಯಲ್ಲೂ ಒಂದಿಷ್ಟು ಮಾಯೆ ಇದೆ. ಚೌಕಾಬಾರ ಆಡುವಾಗ ಅದು ತಾನಾಗಿ ಎದ್ದುಬಿಡುತ್ತದೆ. ಏನು ಮಾಡುತ್ತದೋ ಯಾರೂ ಹೇಳಲಾರರು.

ಹೋದ ಭಾನುವಾರ ಕವಡೆ ಹಾಕಿದ ಕಮಲಾಕ್ಷಮ್ಮನವರ ಮೂಗು ಬದನೆಕಾಯಿಯಾಯಿತು.

"ಬೇಗ ನಿಮ್ಮ ಕವಡೆ ಹಾಕ್ರೀ, ಮೂಗು ಸರಿಹೋಗ್ಲಿ," ಎಂದು ಗೋಗರೆದರು.

ಗಂಡ ಶೇಷಗಿರಿರಾಯರು ನಕ್ಕರು. "ಎದ್ದ ಮಾಯೆ ಎದುರಿನವರು ಕವಡೆ ಹಾಕೋವರೆಗೂ ಇರುತ್ತೆ. ಆದ್ರೆ ಇಂಥ ಹೊತ್ತಿಗೇ ಹಾಕ್ಬೇಕು ಅಂತ ನಿಯಮ ಇಲ್ವಲ್ಲ!" ಕಾಫಿ ಕುಡಿದು, ಪೇಪರ್ ಪೂರ್ತಿ ಓದಿ, ಆಮೇಲೆ ಹಾಕಿದರು.

ಇವತ್ತು ಮೂರು ಬಿದ್ದರೆ ರಾಯರ ಕೊನೆಯ ಕಾಯಿ ಹಣ್ಣಾಗಿ ಆಟ ಅವರದೇ. ಮೂರೇ ಬಿತ್ತು. ಆದರೆ ಅವರಿದ್ದ ಚಾಪೆಯ ಮೇಲೆ ದಪ್ಪನೆಯ ಬೂದು ಬೆಕ್ಕೊಂದು ಕೂತಿತ್ತು.

"ಕವಡೆ ನೆಲ ಮುಟ್ಟೋಕೆ ಮುಂಚೇನೇ ಮಾಯೆ ಎದ್ಬಿಡ್ತು. ಹಾಗೆ ಎದ್ರೆ ಆ ಮೂರು ಲೆಕ್ಕಕ್ಕಿಲ್ಲ, ನಿಮ್ಮದೇ ನಿಯಮ," ಎಂದರು ಕಮಲಾಕ್ಷಮ್ಮ. "ಇಲ್ಲ ಅನ್ನೋದಾದ್ರೆ ಬಾಯಿಬಿಟ್ಟು ಹೇಳಿ."

"ಮ್ಯಾಂವ್! ಮ್ಯಾಂವ್!"

"ಸರಿ, ಒಪ್ಪಿದ್ರಿ. ಇನ್ನು ನನ್ನ ಸರದಿ."

ಕವಡೆಗಳನ್ನು ಆಯ್ದು, ಸೆರಗಿನ ತುದಿಗೆ ಭದ್ರವಾಗಿ ಗಂಟು ಹಾಕಿಕೊಂಡು, ಅವರು ಅಡುಗೆಮನೆಯತ್ತ ಎದ್ದರು.

"ಕಾಫಿಗಿಡ್ತೀನಿ. ನಿಮಗೆ ತಟ್ಟೇಲಿ ಹಾಲು ಸಾಕಲ್ವೇ?"