ನಾಳಿನ ಸಮಾಜ

ಕಾನೂನು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಕೊನೆಗೆ ಮಾತಾಡಿದವನು ಸಂಗಮೇಶ. ವಿಷಯ, ನಾಳಿನ ಸಮಾಜ.

"ಜಾತಿ ಮೀರಿ ಮದುವೆಯಾದ ಹೆಣ್ಣುಮಗಳು ತವರಿಗೆ ಹೆದರಿ ಅಡಗಿಕೊಳ್ಳದಂಥ ಸಮಾಜವನ್ನು ನಾವು ಕಟ್ಟುತ್ತೇವೆ" ಎಂದು ಅವನು ಗದ್ಗದಿತನಾದಾಗ ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನ ಸ್ವಂತ ತಂಗಿಯೇ ಹಾಗೆ ಮದುವೆಯಾಗಿ ಮನೆ ಬಿಟ್ಟು ಹೋಗಿದ್ದಳು. ಎಲ್ಲಿದ್ದಾಳೆಂದು ಮನೆಯವರಿಗೆ ಗೊತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸಹಪಾಠಿ ಮಂದಾಕಿನಿ ಅವನನ್ನು ಕಾರಿಡಾರಿನಲ್ಲಿ ತಡೆದಳು.

"ನಿನ್ನ ತಂಗಿ, ಆಕಿ ಗಂಡ, ಇಬ್ರೂ ಗದಗದಾಗ ನಮ್ಮ ಅತ್ತಿ ಮನ್ಯಾಗ ಅದಾರ. ಇಷ್ಟು ದಿನ ನಿನಗ ಹೇಳಾಕ ಹೆದರಿದ್ದೆ. ಇವತ್ತು ನಿನ್ನ ಮಾತು ಕೇಳಿ ಧೈರ್ಯ ಬಂತು."

ಅವನ ಕಣ್ಣು ತುಂಬಿ ಬಂತು. "ಹೆಂಗದಾಳ?"

"ಬಸುರಿ ಅದಾಳ. ಅಣ್ಣ ಒಮ್ಮೆ ಬಂದು ಮಾತಾಡಿಸಿದ್ರ ಸಾಕು ಅಂತ ಅಳ್ತಾಳ."

"ದೊಡ್ಡ ಉಪಕಾರ ಮಾಡಿದಿ. ಮನಿ ಯಾವ ಓಣ್ಯಾಗ?"

ಅವಳು ಗುರುತು ಹೇಳಿದಳು. ಮನಸ್ಸು ಹಗುರಾಗಿ ಬಸ್ಸು ಹಿಡಿಯಲು ಹೊರಟಳು.

ಅವಳು ಗೇಟು ದಾಟುವವರೆಗೂ ಕೈ ಬೀಸುತ್ತ ನಿಂತಿದ್ದ ಸಂಗಮೇಶ ಆಮೇಲೆ ಮನೆಗೆ ಫೋನು ಮಾಡಿದ.

"ಅಪ್ಪಾ, ಆಕಿ ಸಿಕ್ಕಾಳ. ಕಾಕಾನ್ನ ಕರಕೊಂಡು ಬರ್ರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ."