ನೀರು ಕುಡಿಯದ ಫರ್ ಮರ

ಬಾಟಲಿಯಲ್ಲಿ ಮತ್ತೆ ಮೂರು ಬೆರಳು ಇಳಿದಿತ್ತು. ಓಟೀಲಿಯಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಚೆರ್ರಿ ಹಣ್ಣಿನಿಂದ ಇಳಿಸಿದ ಮದ್ಯ, ಶ್ನಾಪ್ಸ್. ಕ್ರಿಸ್‌ಮಸ್ಸಿನಿಂದ ಈಚೆಗೆ ಇದು ಮೂರನೆಯ ಬಾಟಲಿ. ಬಂದವರಿಗೆ ಎಷ್ಟು ಹೋಯಿತು ಎಂಬುದು ಅವಳಿಗೆ ಗೊತ್ತಿತ್ತು. ಉಳಿದದ್ದು ಯಾರ ಗಂಟಲಿಗೆ ಇಳಿಯಿತು ಎಂಬುದೂ ಗೊತ್ತಿತ್ತು. ಮೈಯೆಲ್ಲ ಉರಿದುಹೋಯಿತು.

ಹೋದ ಫೆಬ್ರವರಿಯಲ್ಲಿ ಉಲ್ಮ್ ನಗರದ ವೈದ್ಯರು ಅವಳ ಗಂಡ ಆಲ್ಫೋನ್ಸ್‌ಗೆ ಮುಖಕ್ಕೆ ಹೊಡೆದಂತೆ ಹೇಳಿದ್ದರು: ಯಕೃತ್ತು ಕೆಟ್ಟಿದೆ, ಇನ್ನೊಂದು ವರ್ಷ ಕುಡಿದರೆ ಆಸೆ ಬಿಡಿ. ಅಂದೇ ಮನೆಗೆ ಬಂದು ಅವನು ಆಣೆ ಮಾಡಿದ. ಅವಳೂ ಮಾಡಿದಳು.

“ಇನ್ನೊಂದು ಹನಿ ಒಳಗೆ ಹೋದ್ರೆ ನೀನು ಈ ಮನೇಲಿ ಇರಲ್ಲ. ನೀನು ಸಾಯೋದನ್ನ ನಾನು ಕೂತು ನೋಡಲ್ಲ.”

ಹತ್ತು ತಿಂಗಳು ನೆಟ್ಟಗಿದ್ದ. ಆಮೇಲೆ ಕ್ರಿಸ್‌ಮಸ್ ಬಂತು.

ಹಬ್ಬ ಕಳೆದ ಮೇಲೆ ಆ ಊರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಮರ ಹೊಗಳುವುದು ಪದ್ಧತಿ. ಬಂದವನು ‘ಎಂಥ ಚೆಂದದ ಮರ’ ಅನ್ನಬೇಕು. ಮನೆಯವನು ಶ್ನಾಪ್ಸ್ ಸುರಿಯಬೇಕು, ತಾನೂ ಜೊತೆಗೆ ಲೋಟ ಎತ್ತಬೇಕು. ಒಲ್ಲೆ ಅಂದರೆ ಬಂದವನಿಗೆ ಅವಮಾನ. ಕುಡಿತ ಬಿಟ್ಟೆನೆಂದು ನೇರವಾಗಿ ಹೇಳಿಬಿಡು ಎಂದು ಓಟೀಲಿಯಾ ಮೊದಲೇ ಬಡಕೊಂಡಿದ್ದಳು.

“ಊರಿಗೆಲ್ಲ ಡಂಗುರ ಸಾರಬೇಕಾ? ನಾಳೆಯಿಂದ ಎಲ್ಲರೂ ನನ್ನನ್ನ ರೋಗಿ ಥರ ನೋಡ್ತಾರೆ. ನಾನು ನೋಡ್ಕೋತೀನಿ, ಬಿಡು” ಎಂದಿದ್ದ ಆಲ್ಫೋನ್ಸ್.

ನೋಡಿಕೊಂಡ ಚೆಂದ ನಿನ್ನೆಯೂ ಕಂಡಿತ್ತು. ಊರಿನ ವಾದ್ಯಮೇಳದ ಸೆವೆರಿನ್ ಬಂದಿದ್ದ. ಆಲ್ಫೋನ್ಸ್ ಮರದ ಪಕ್ಕಕ್ಕೆ ಎಳೆದುಕೊಂಡ ತನ್ನ ಕುರ್ಚಿಯಲ್ಲಿ ಕೂತ.

“ಏನು ಮರ ಮಾರಾಯ, ಕಾಡೇ ಮನೆಗೆ ಬಂದ ಹಾಗಿದೆ” ಎಂದ ಸೆವೆರಿನ್. ಅಷ್ಟರಲ್ಲಿ ಒಂದು ಹಿಡಿ ಸೂಜಿ ಎಲೆ ನೆಲಕ್ಕೆ ಬಿತ್ತು. “ಕೂದಲು ಮಾತ್ರ ನನ್ನ ಹಾಗೇ ಉದುರ್ತಾ ಇದೆ.”

ಆಲ್ಫೋನ್ಸ್ ನಗುತ್ತ ಎರಡು ಲೋಟಕ್ಕೆ ಸುರಿದ. ಅವಳಿಗೆ ನೋಡಲಾಗಲಿಲ್ಲ. ಸೋಂಪಿನ ಬಿಸ್ಕತ್ತು ತರುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದಳು. ಪ್ರತಿಸಲವೂ ಹಾಗೇ ಎದ್ದುಹೋಗುತ್ತಿದ್ದಳು. ವಾಪಸು ಬರುವಷ್ಟರಲ್ಲಿ ಎರಡೂ ಲೋಟ ಖಾಲಿ. ಬೆಳಿಗ್ಗೆ ಬಟ್ಟೆ ಒಗೆಯಲು ತೆಗೆದರೆ ಅವನ ಶರ್ಟಿನ ತೋಳು ಶ್ನಾಪ್ಸ್‌ನಿಂದ ಗಬ್ಬೆಂದು ನಾರುತ್ತಿತ್ತು.

ಆ ಮರದ್ದು ಇನ್ನೊಂದು ಹೊಟ್ಟೆಯುರಿ. ಅವಳ ಅಮ್ಮನ ಕಾಲದಲ್ಲಿ ಮರ ಫೆಬ್ರವರಿ ಎರಡರವರೆಗೆ ಹಸಿರಾಗಿ ನಿಲ್ಲುತ್ತಿತ್ತು. ಇದು ಜನವರಿ ನಾಲ್ಕಕ್ಕೇ ಬೋಳು. ಏನು ಕಡಿಮೆ ಮಾಡಿದ್ದಳು ಇವಳು? ನೀರು ಚೆನ್ನಾಗಿ ಏರಲೆಂದು ಬುಡದಿಂದ ಒಂದು ಬಿಲ್ಲೆ ಹೊಸದಾಗಿ ಕೊಯ್ಯಿಸಿದ್ದಳು. ಎರಡು ದಿನ ತಣ್ಣಗಿನ ನೆಲಮಾಳಿಗೆಯಲ್ಲಿ ಇರಿಸಿದ್ದಳು. ಮರ ಒಣಗಬಾರದೆಂದು ಆ ಕೋಣೆಯ ಹೀಟರ್ ಆರಿಸಿ ತಾನು ಕೋಟು ಹಾಕಿಕೊಂಡು ನಡುಗಿದ್ದಳು.

ನೀರು ಹಾಕುವುದು ವರ್ಷವರ್ಷವೂ ಆಲ್ಫೋನ್ಸ್‌ನ ಕೆಲಸ. ಮೊದಲ ಖಾಲಿ ಲೋಟ ಕಂಡ ದಿನವೇ ಆ ಕೆಲಸವನ್ನು ಅವನಿಂದ ಕಿತ್ತುಕೊಂಡಿದ್ದಳು. ಅವಳಿಗೆ ಮೊಣಕಾಲು ಮಡಚಲು ಬಾರದು; ನಿಂತಲ್ಲಿಂದಲೇ ಉದ್ದ ಮೂತಿಯ ಕ್ಯಾನಿನಿಂದ, ಅಂದಕ್ಕೆ ಪಾಚಿ ಹೊದಿಸಿದ್ದ ಬುಡದ ತೊಟ್ಟಿಗೆ ಸುರಿಯುತ್ತಿದ್ದಳು. ಐದು ದಿನದಿಂದ ಸುರಿದದ್ದು ಅಂಚಿಗೇ ಬರುತ್ತಿತ್ತು; ತೊಟ್ಟಿ ತುಂಬಿದ್ದು ತುಂಬಿದಂತೇ ಇತ್ತು. ಮರ ನೀರು ಕುಡಿಯುವುದನ್ನೇ ಬಿಟ್ಟಿತ್ತು.

ಮರ ಮಾರಿದ ಗೆಬ್‌ಹಾರ್ಟ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. “ಸತ್ತ ಮರ ತಲೆಗೆ ಕಟ್ಟಿದ್ದೀಯ.”

“ಬಂದು ನೋಡ್ತೀನಿ. ಸ್ವಲ್ಪ ಬೈಗುಳ ಎದುರಿಗೆ ಬೈಯೋಕೆ ಉಳಿಸ್ಕೋ” ಎಂದ ಅವನು.

ಫೋನ್ ಇಟ್ಟವಳೇ ಬಾಟಲಿಯನ್ನು ತಂದು ಗಂಡನ ಕಾಫಿಯ ಮುಂದೆ ಕುಕ್ಕಿದಳು.

“ಈ ಮನೇಲಿ ನೀರು ಕುಡಿದು ಬದುಕೋಕೆ ಯಾರಿಗೂ ಇಷ್ಟ ಇಲ್ಲ. ಆ ಮರಕ್ಕೂ ಇಲ್ಲ, ನಿನಗೂ ಇಲ್ಲ.”

“ನಾನು ಕುಡಿದಿಲ್ಲ, ಓಟೀಲಿಯಾ.”

“ಹಾಗಾದ್ರೆ ಲೋಟ ಹೇಗೆ ಖಾಲಿ ಆಯ್ತು?”

ಅವನು ಬೋಳು ಕೊಂಬೆಗಳ ಕಡೆ ನೋಡಿದ. ತಲೆ ತಗ್ಗಿಸಿದ. “ಹೇಳಿದ್ರೆ ನೀನು ಇನ್ನೂ ಸಿಟ್ಟಾಗ್ತೀಯ.”

“ಇನ್ನೂ ಸಿಟ್ಟಾಗೋಕೆ ಜಾಗ ಎಲ್ಲಿ ಉಳಿದಿದೆ?”

“ಹತ್ತಿರ ಬಾ. ನನ್ನ ಬಾಯಿ ಮೂಸಿ ನೋಡು, ಸಾಕು.”

“ಥೂ. ಮೂವತ್ತೊಂದು ವರ್ಷ ಮೂಸಿದ್ದೀನಿ.”

ಈಗ ಅವನ ಮುಖವೂ ಕೆಂಪಾಯಿತು. “ಲೋಟ ಹೇಳಿದ್ದು ನಂಬ್ತೀಯ, ನಾನು ಹೇಳಿದ್ದು ನಂಬಲ್ಲ. ಆಯ್ತು. ಇನ್ನು ನಿನಗೆ ಒಂದು ಮಾತೂ ಹೇಳಲ್ಲ.”

ಪೆಟ್ಟಿಗೆ ತುಂಬಿದ. ಉಲ್ಮ್‌ನಲ್ಲಿ ಅವನ ತಂಗಿ ಇದ್ದಳು, ಹನ್ನೊಂದಕ್ಕೆ ಬಸ್ಸು. ಓಟೀಲಿಯಾ ತಡೆಯಲಿಲ್ಲ. ತಾನೇ ಬಾಗಿಲು ತೆರೆದು ಹಿಡಿದಳು. ಅವನನ್ನು ಮಣ್ಣು ಮಾಡುವ ದಿನ ತನ್ನ ಕಣ್ಣೆದುರಿಗೆ ಬಂದುಬಿಟ್ಟೀತು ಎಂಬ ಹೆದರಿಕೆಯೇ ಅವಳ ಹಲ್ಲು ಕಡಿಸುತ್ತಿತ್ತು. ಬಸ್ಸು ತಿರುವು ದಾಟುವವರೆಗೂ ಕಿಟಕಿಯಲ್ಲಿ ನಿಂತು ಅವನನ್ನು ಶಪಿಸಿದಳು.

ಹನ್ನೊಂದೂವರೆಗೆ ಗೆಬ್‌ಹಾರ್ಟ್ ಬಂದ. ಅವಳು ಉಳಿಸಿಕೊಂಡಿದ್ದ ಬೈಗುಳವನ್ನೆಲ್ಲ ಅವನ ಮೇಲೆ ಸುರಿದಳು. ಅವನು ಒಂದು ಕಡ್ಡಿ ಬಗ್ಗಿಸಿ ನೋಡಿದ, ತೊಗಟೆಯನ್ನು ಉಗುರಿನಿಂದ ಕೆರೆದ. ಕೊನೆಗೆ ಮಂಡಿಯೂರಿ, ತೊಟ್ಟಿಯ ಮೇಲೆ ಹೊದಿಸಿದ್ದ ಪಾಚಿಯನ್ನು ಸರಿಸಿ, ನೀರಿಗೆ ಬೆರಳು ಅದ್ದಿದ. ಮೂಸಿದ. ನಾಲಿಗೆಗೆ ತಾಗಿಸಿದ. ಬೆರಗಾಗಿ ಅವಳ ಮುಖ ನೋಡಿದ.

“ಓಟೀಲಿಯಾ, ಇಷ್ಟು ದಿನದಿಂದ ಈ ಮರಕ್ಕೆ ಶ್ನಾಪ್ಸ್ ಕುಡಿಸ್ತಾ ಇರೋರು ಯಾರು?”