ಹರಿಯದ ಹಾಳೆ

ಸತ್ತ ಸಿಪಾಯಿಗಳ ಬುಲೆಟ್‌ಪ್ರೂಫ್ ಜಾಕೆಟ್‌ಗಳು ಪ್ರತಿ ಸೋಮವಾರ ಲಾರಿಯಲ್ಲಿ ಕಾಗದದ ಕಾರ್ಖಾನೆಗೆ ಬರುತ್ತಿದ್ದವು. ಅವುಗಳ ನೂಲನ್ನು ತೊಟ್ಟಿಯಲ್ಲಿ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಮಾಡಿ ಕಾಗದದ ತಿರುಳಿಗೆ ಬೆರೆಸಿದರೆ, ಆ ಹಾಳೆ ಹರಿಯುವುದಿಲ್ಲ, ಸುಡುವುದಿಲ್ಲ. ಸರ್ಕಾರದ ಹುಕುಂಗಳೆಲ್ಲ ಅದರ ಮೇಲೆಯೇ.

ತೊಟ್ಟಿಗೆ ಹಾಕುವ ಮುಂಚೆ ದ್ಯಾಮವ್ವ ಗುಂಡಿನ ತೂತನ್ನು ಬೆರಳಲ್ಲಿ ಹುಡುಕಿ ಕೂಗಬೇಕು. ಗುಮಾಸ್ತ ಶಿವಪುತ್ರ ಜಾಕೆಟ್‌ನ ನಂಬರಿನ ಎದುರು ಬರೆದುಕೊಳ್ಳಬೇಕು. 'ಮುಂದೆ' ಅಂದರೆ ವೀರ. 'ಹಿಂದೆ' ಅಂದರೆ ಓಡಿಹೋದವ. ಅವನ ಬದಲಿಗೆ ಅವನ ಮನೆಯ ಹರೆಯದ ಇನ್ನೊಬ್ಬರು ದಂಡಿಗೆ ಹೋಗಬೇಕು. ಹನ್ನೊಂದು ವರ್ಷದ ರೂಢಿ, ಅವಳ ಬೆರಳಿಗೆ ಕಣ್ಣಿನ ಸಹಾಯ ಬೇಕಿರಲಿಲ್ಲ.

"ಹಿಂದೆ," ಎಂದಳು. ಆಮೇಲೆ ಜಾಕೆಟ್ ಮಗುಚಿದಳು. ಭುಜದ ಹತ್ತಿರ ಹಸಿರು ದಾರದ ಹೊಲಿಗೆಯಿತ್ತು. ಮಗ ಫಕೀರಪ್ಪ ರಜೆಗೆ ಬಂದಾಗ ಅವಳೇ ಹಾಕಿದ್ದು.

"ಶಿವಪುತ್ರಾ, ಕೈ ತಪ್ಪಿತಪ್ಪಾ. ಮುಂದೆ ಐತಿ. ತಿದ್ದು."

"ಹೆಂಗ ತಿದ್ದಲಿ ಯಕ್ಕಾ? ಇದು ನಿನ್ನ ತೊಟ್ಟಿಯಾಗಿಂದ ಬಂದ ಹಾಳಿ. ಅಳಸಾಕೂ ಬರಂಗಿಲ್ಲ, ಹರಿಯಾಕೂ ಬರಂಗಿಲ್ಲ." ಅವನು ಆಗಲೇ ಮುಂದಿನ ಸಾಲಿಗೆ ಹೋಗಿದ್ದ. "ಹಾಕು ಹಾಕು, ಲಾರಿ ಖಾಲಿ ಆಗ್ಬೇಕು."

ಹಾಕಿದಳು. ಮನೆಯಲ್ಲಿ ಉಳಿದವಳು ಮಗಳು ಕಸ್ತೂರಿ ಒಬ್ಬಳೇ.

ಮರುದಿನ ಅದೇ ತೊಟ್ಟಿಯ ಹಾಳೆ ಬಂತು, ಓಡಿಹೋದವರ ಮನೆಗಳಿಗೆ ಆ ವಾರದ ಹುಕುಂ ಬರೆಯಲಿಕ್ಕೆ. ವಾಡಿಕೆಯಂತೆ ದ್ಯಾಮವ್ವ ಅದರ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದು ಪರೀಕ್ಷೆ ಮಾಡಬೇಕಿತ್ತು. ಅವತ್ತು ಅವಳು ಎಳೆದಂತೆ ಆ ಕಾರ್ಖಾನೆಯಲ್ಲಿ ಯಾರೂ ಎಳೆದಿರಲಿಲ್ಲ. ಒಂದು ಹಲ್ಲು ಕಿತ್ತು ಬಂತು.

ಶಿವಪುತ್ರ ಅಂಚಿನ ರಕ್ತ ಒರೆಸಿ, 'ಪಾಸ್' ಎಂದು ಮುದ್ರೆ ಒತ್ತಿದ.